ತಾತನ ಬೆನ್ನು

ನಾಟಕಕ್ಕೆ ಟಿಕೆಟ್ ತೆಗೆದುಕೊಳ್ಳುವಾಗ ನಮ್ಮ ಮನೆಯಲ್ಲಿ ಒಂದೇ ಬೇಡಿಕೆ. ಎಡಗಡೆಯ ಸೀಟು ಬೇಕು, ಮುಂದಿನ ಎರಡು ಮೂರು ಸಾಲಿನೊಳಗೇ ಬೇಕು. ಸಭಾಂಗಣದ ನಟ್ಟನಡುವೆ ಒಳ್ಳೆಯ ಸೀಟು ಖಾಲಿ ಇದ್ದರೂ ಅಮ್ಮ ಬೇಡ ಅನ್ನುತ್ತಾಳೆ. "ಅಲ್ಲಿಂದ ಪೆಟ್ಟಿಗೆ ಸರಿಯಾಗಿ ಕಾಣಲ್ಲ." ಪೆಟ್ಟಿಗೆ ಅಂದರೆ ಹಾರ್ಮೋನಿಯಂ. ಈಗಿನ ಎಷ್ಟೋ ನಾಟಕಗಳಲ್ಲಿ ಹಾರ್ಮೋನಿಯಂ ಇರುವುದೇ ಇಲ್ಲ. ಸಂಗೀತ ಮೊದಲೇ ರೆಕಾರ್ಡ್ ಆಗಿ ಸ್ಪೀಕರಿನಿಂದ ಬರುತ್ತದೆ. ಆದರೂ ಅಮ್ಮನಿಗೆ ಎಡಗಡೆಯೇ ಬೇಕು. ದೀಪ ಆರಿದ ಮೇಲೆ ಅವಳು ಮೊದಲು ನೋಡುವುದು ರಂಗದ ಆ ಮೂಲೆಯನ್ನ. ಅಲ್ಲಿ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ನಟರ ಕಡೆ ಕಣ್ಣು ತಿರುಗಿಸುತ್ತಾಳೆ.

ಅಮ್ಮನ ಅಪ್ಪ, ಅಂದರೆ ನನ್ನ ತಾತ, ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ಮೇಷ್ಟ್ರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಕಂಪನಿಯ ಜೊತೆ ಊರೂರು ತಿರುಗಿದವನು. ಆದರೆ ನಾಟಕಕ್ಕೆ ಬಂದ ಜನರಲ್ಲಿ ತಾತನ ಮುಖ ನೋಡಿದವರು ಕಡಿಮೆ. ಅವರ ಕಂಪನಿಯಲ್ಲಿ ಹಾರ್ಮೋನಿಯಂ, ತಬಲಾದವರು ರಂಗದ ಮುಂದೆ, ಕೆಳಗೆ, ರಂಗದ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ನಟರ ತುಟಿ ಕಾಣಬೇಕು, ಅವರು ಉಸಿರು ಎಳೆದುಕೊಳ್ಳುವುದು ಕಾಣಬೇಕು. ಹಾಗಾಗಿ ಜನರಿಗೆ ಕಾಣುತ್ತಿದ್ದದ್ದು ಬೆನ್ನು ಮಾತ್ರ. ಚಿಕ್ಕಂದಿನ ನಾಟಕ ಅಂದರೆ ಅಮ್ಮನಿಗೆ ಮೊದಲು ನೆನಪಾಗುವುದು ಕೃಷ್ಣನೂ ಅಲ್ಲ, ದುರ್ಯೋಧನನೂ ಅಲ್ಲ. ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿಕೊಂಡ ಒಂದು ಬಿಳಿ ಜುಬ್ಬ.

ಲೆಗ್ ಹಾರ್ಮೋನಿಯಂ ಈಗ ನೋಡಲು ಸಿಗುವುದು ಅಪರೂಪ. ಕೈಯಲ್ಲಿ ತಿದಿ ಒತ್ತುವ ಸಣ್ಣ ಪೆಟ್ಟಿಗೆಯಲ್ಲ ಅದು. ಮೇಜಿನಷ್ಟು ಎತ್ತರ ಇರುತ್ತದೆ, ಕುರ್ಚಿ ಹಾಕಿಕೊಂಡು ನುಡಿಸಬೇಕು. ಗಾಳಿ ತುಂಬುವುದು ಕಾಲಿನ ಕೆಲಸ. ಹೊಲಿಗೆ ಮೆಷಿನ್ನು ತುಳಿದ ಹಾಗೆ ಪೆಡಲು ತುಳಿಯುತ್ತಲೇ ಇರಬೇಕು. ಎರಡೂ ಕೈ ಬಿಡುವಾಗಿರುವುದರಿಂದ ಒಂದರಲ್ಲಿ ಹಾಡಿನ ಮಟ್ಟು, ಇನ್ನೊಂದರಲ್ಲಿ ಶ್ರುತಿ. ದನಿಯೂ ದೊಡ್ಡದು. ಮೈಕಿಲ್ಲದ ಕಾಲದಲ್ಲಿ, ತಗಡು ಹೊದೆಸಿದ ಥಿಯೇಟರಿನಲ್ಲಿ, ಮಳೆ ಬಂದರೂ ಕೊನೆಯ ಸಾಲಿಗೆ ಕೇಳಬೇಕಲ್ಲ. ನಟರೂ ಅಷ್ಟೇ. ಗಂಡಸರು ಬಿಳಿ ನಾಲ್ಕರಂಥ ಎತ್ತರದ ಶ್ರುತಿಗೆ ಹಾಡುತ್ತಿದ್ದದ್ದು ಶೋಕಿಗಲ್ಲ. ಶ್ರುತಿ ಕೆಳಗಿಳಿದರೆ ಹಿಂದೆ ಕೂತವರಿಗೆ ಮಾತು ಮುಟ್ಟುತ್ತಲೇ ಇರಲಿಲ್ಲ.

ಹಾಡಿಗೆ ಪೆಟ್ಟಿಗೆ ಹಿಡಿಯುವುದು ಸುಲಭ, ಪದ್ಯಕ್ಕೆ ಹಿಡಿಯುವುದು ಕಷ್ಟ ಅಂತ ತಾತ ಹೇಳುತ್ತಿದ್ದ. ಹಾಡಿಗೆ ತಾಳ ಇದೆ, ತಬಲಾ ಜೊತೆಗಿದೆ. ಕಂದ, ಸೀಸಪದ್ಯಗಳಿಗೆ ತಾಳ ಇಲ್ಲ. ತಬಲಾ ಸುಮ್ಮನಾಗುತ್ತದೆ. ನಟ ಒಂದು ಸಾಲನ್ನು ಎಷ್ಟು ಹೊತ್ತು ಎಳೆಯುತ್ತಾನೆ, ಯಾವ ಅಕ್ಷರದ ಮೇಲೆ ನಿಲ್ಲುತ್ತಾನೆ ಅನ್ನುವುದು ಆ ಗಳಿಗೆಗೇ ಗೊತ್ತಾಗಬೇಕು. ಪೆಟ್ಟಿಗೆ ಅವನ ಬೆನ್ನಿಗೇ ಹೋಗಬೇಕು, ಒಂದು ಕೂದಲೆಳೆಯಷ್ಟೂ ಮುಂದೆ ಹೋಗಬಾರದು. ಇನ್ನು ಪಾತ್ರಧಾರಿ ಮಾತು ಮರೆತು ನಿಂತರೆ? ಸೈಡ್‌ವಿಂಗಿನಿಂದ ಪ್ರಾಂಪ್ಟರ್ ಎಷ್ಟು ಪಿಸುಗುಟ್ಟಿದರೂ ಗಾಬರಿಯಲ್ಲಿ ಕಿವಿಗೆ ಬೀಳುವುದಿಲ್ಲ. ಆಗ ತಾತ ಮುಂದೆ ಬರಬೇಕಾದ ಹಾಡಿನ ಮೊದಲ ಸಾಲನ್ನು ಮೆಲ್ಲಗೆ ಬಾರಿಸುತ್ತಿದ್ದ. ಹಾಡು ನೆನಪಾದರೆ ಅದಕ್ಕೆ ಮುಂಚಿನ ಮಾತೂ ನೆನಪಾಗುತ್ತದೆ. ಎಲ್ಲರ ಪಾರ್ಟೂ ತಾತನಿಗೆ ಬಾಯಿಪಾಠ ಇತ್ತು. ಒಂದು ದಿನವೂ ಬಣ್ಣ ಹಚ್ಚಿದವನಲ್ಲ.

ಅಜ್ಜಿ ಮತ್ತು ಅಮ್ಮ ಊರಲ್ಲೇ ಇರುತ್ತಿದ್ದರು. ಬೇಸಿಗೆ ರಜೆ, ದಸರಾ ರಜೆಗೆ ಮಾತ್ರ ಕ್ಯಾಂಪಿಗೆ ಹೋಗುವುದು. ಕಂಪನಿ ಒಂದು ಊರಿನಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತು. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ಮಲಗುವುದು. ಅಡುಗೆಯವರು, ದರ್ಜಿ, ಬಡಗಿ, ಪರದೆ ಬರೆಯುವವರು, ಹೆರಳು ಹಾಕುವವರು, ಎಲ್ಲರೂ ಕಂಪನಿಯವರೇ. ಅಮ್ಮನಿಗೆ ಆಟಕ್ಕೆ ಸಿಕ್ಕಿದ ಜಾಗ ರಂಗದ ಹಿಂಭಾಗ. ಅರಮನೆ ಪರದೆ, ಕಾಡು ಪರದೆ, ದರ್ಬಾರ್ ಸೀನು, ರಸ್ತೆ ಸೀನು ಎಲ್ಲದರ ಹೆಸರೂ ಅವಳಿಗೆ ಈಗಲೂ ಗೊತ್ತು. ಅದರಲ್ಲಿ ರಸ್ತೆ ಸೀನು ಅಂದರೆ ಬಹಳ ಇಷ್ಟ. ರಸ್ತೆ ಬರೆದ ಪರದೆ ರಂಗದ ಮುಂಭಾಗಕ್ಕೆ ಇಳಿಯುತ್ತದೆ. ಅದರ ಮುಂದೆ ಹಾಸ್ಯದವರು ಜನರನ್ನು ನಗಿಸುತ್ತಿರುತ್ತಾರೆ. ಅದೇ ಹೊತ್ತಿಗೆ ಪರದೆಯ ಹಿಂದೆ ಹತ್ತಾರು ಜನ ಬರಿಗಾಲಲ್ಲಿ ಓಡಾಡಿ ಸಿಂಹಾಸನ, ಕಂಬ, ಮೆಟ್ಟಿಲು ಎಲ್ಲ ಜೋಡಿಸುತ್ತಾರೆ. ಯಾರೂ ಮಾತಾಡುವಂತಿಲ್ಲ. ಕೈಸನ್ನೆಯಲ್ಲೇ ಎಲ್ಲ. ಅಮ್ಮ ಒಂದು ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನೋಡುತ್ತಿದ್ದಳಂತೆ. ಮುಂದೆ ನಗು, ಹಿಂದೆ ಮೌನ. ರಸ್ತೆ ಪರದೆ ಮೇಲೇರಿದಾಗ ದರ್ಬಾರು ಸಿದ್ಧ, ಜನ ಚಪ್ಪಾಳೆ ಹೊಡೆಯುತ್ತಾರೆ. ಆ ಚಪ್ಪಾಳೆ ಬರಿಗಾಲಿನವರಿಗೆ ಅಂತ ಅಮ್ಮ ತುಂಬಾ ವರ್ಷ ಅಂದುಕೊಂಡಿದ್ದಳು. ನನಗೆ ಈಗಲೂ ಅದೇ ಸರಿ ಅನಿಸುತ್ತದೆ.

ಅಜ್ಜಿಗೆ ಇದ್ಯಾವುದೂ ಇಷ್ಟವಿರಲಿಲ್ಲ. ಹೆಂಗಸರ ಕಡೆಯ ಬೆಂಚಿನ ತುದಿಯಲ್ಲಿ ಕೂತು, ನಾಟಕ ಮುಗಿಯುವವರೆಗೆ ಗಂಡನ ಬೆನ್ನು ನೋಡಿ, ಬಿಡಾರಕ್ಕೆ ಬಂದು ಮಲಗುತ್ತಿದ್ದಳು. ವರ್ಷದಲ್ಲಿ ಎಂಟು ಒಂಬತ್ತು ತಿಂಗಳು ಗಂಡ ಮನೆಯಲ್ಲಿಲ್ಲ. ಮನೆ, ಹೊಲ, ಅತ್ತೆಯ ಕಾಯಿಲೆ ಎಲ್ಲ ಅವಳ ತಲೆಯ ಮೇಲೆ. ಸಂಬಳ ಒಮ್ಮೆ ಬಂದರೆ ಬಂತು, ಕಲೆಕ್ಷನ್ ಇಲ್ಲದಿದ್ದರೆ ಇಲ್ಲ. "ಊರೋರಿಗೆಲ್ಲ ಹಾಡು, ನಮಗೆ ಬೆನ್ನು" ಅಂತ ಅವಳು ಅನ್ನುತ್ತಿದ್ದದ್ದು ನನಗೂ ನೆನಪಿದೆ. ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ನಾಟಕದವರ ಮನೆ ಅಂದಾಗ ನಾವು ನಾಟಕದಲ್ಲಿದ್ದವರ ಬಗ್ಗೆ ಮಾತ್ರ ಮಾತಾಡುತ್ತೇವೆ. ಮನೆಯಲ್ಲಿದ್ದವರೂ ಆ ಕಂಪನಿಯನ್ನು ನಡೆಸಿದವರೇ ಅಲ್ವಾ?

ನಾಟಕ ನಮ್ಮಲ್ಲಿ ಮನೆತನದ ಕಸುಬಾಗಿದ್ದಕ್ಕೆ ಕಾರಣ ಪ್ರೀತಿಯೊಂದೇ ಅಲ್ಲ. ಕಂಪನಿಯವರಿಗೆ ಹೊರಗಿನವರು ಹೆಣ್ಣು ಕೊಡುತ್ತಿರಲಿಲ್ಲ. ನಾಟಕದಲ್ಲಿ ಪಾರ್ಟು ಮಾಡುವ ಹೆಂಗಸನ್ನು ಮನೆಗೆ ತಂದುಕೊಳ್ಳಲೂ ಹಿಂಜರಿಯುತ್ತಿದ್ದರು. ಹಾಗಾಗಿ ಕಂಪನಿಯೊಳಗೇ ಮದುವೆ, ಕಂಪನಿಯೊಳಗೇ ಬಾಣಂತನ. ಹುಟ್ಟಿದ ಮಗುವಿಗೆ ನಡೆಯಲು ಬಂದ ಕೂಡಲೇ ಲೋಹಿತಾಶ್ವ, ಪ್ರಹ್ಲಾದ, ಬಾಲಕೃಷ್ಣನ ಪಾರ್ಟು. ಕೈಗೆ ಸಿಗುವ ಮಗು ಅದೇ ತಾನೇ.

1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನೇ ನೋಡಿ. ಬಾಲಕನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಮಾಲೀಕರಾದರು. ಕುರುಕ್ಷೇತ್ರ ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು. ಅವರ ಹೆಂಡತಿ ಬಿ. ಜಯಮ್ಮ ದೊಡ್ಡ ನಟಿ, ದೊಡ್ಡ ಹಾಡುಗಾರ್ತಿ. ಮಗಳು ಮಾಲತಮ್ಮ ರಂಗದವರು. ಮಾಲತಮ್ಮನವರ ಮಗಳು ಬಿ. ಜಯಶ್ರೀ. ಜಯಶ್ರೀಯವರು ರಂಗದ ಮೇಲೆ ನಿಂತು ದನಿ ಎತ್ತಿದರೆ ಮೈಕಿಲ್ಲದ ಆ ಕಾಲ ಹೇಗಿತ್ತು ಅನ್ನುವುದು ನನಗೆ ಅರ್ಥವಾಗುತ್ತದೆ. ಅದೇ ಗುಬ್ಬಿ ಕಂಪನಿಯಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ನಟರಾಗಿದ್ದರು. ಅವರ ಜೊತೆ ಮಗ ಮುತ್ತುರಾಜನೂ ಬಣ್ಣ ಹಚ್ಚಿದ. ಮುಂದೆ ಆ ಹುಡುಗ ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಗೊತ್ತು. ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್. ಕೆ. ಹಿರಣ್ಣಯ್ಯನವರ ಮಗ ಮಾಸ್ಟರ್ ಹಿರಣ್ಣಯ್ಯ. ಚಿಂದೋಡಿ ವೀರಪ್ಪನವರ ಮಗಳು ಚಿಂದೋಡಿ ಲೀಲಾ. ಇನ್ನು ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರದ್ದೇ ಒಂದು ನಾಟಕ ಮಂಡಳಿ ಕಟ್ಟಿ, ತಾವೇ ಕಂಸನಾಗಿ ನಿಂತರು. ಗಂಡಸರು ಸ್ತ್ರೀಪಾರ್ಟು ಮಾಡುತ್ತಿದ್ದ ರಂಗಭೂಮಿಗೆ ಅದು ಕೊಟ್ಟ ಉತ್ತರ ಅಂತ ನನಗೆ ಯಾವಾಗಲೂ ಅನಿಸಿದೆ.

ಈ ಹೆಸರುಗಳನ್ನು ಬರೆಯುವಾಗ ನನಗೆ ಹೆಮ್ಮೆಯೇ ಆಗುತ್ತದೆ. ಜೊತೆಗೆ ಇನ್ನೊಂದು ಯೋಚನೆಯೂ ಬರುತ್ತದೆ. ಈ ಒಂದೊಂದು ಹೆಸರಿನ ಹಿಂದೆಯೂ ಬೆನ್ನು ಮಾತ್ರ ಕಂಡವರು, ಬರಿಗಾಲಲ್ಲಿ ಓಡಾಡಿದವರು ಎಷ್ಟು ಜನ ಇದ್ದರೋ. ಅವರಿಗೂ ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ. ಅವರೂ ಎಲ್ಲೋ ಒಂದು ಕಡೆ ಕೂತು ನಾಟಕ ನೋಡುತ್ತಿರುತ್ತಾರೆ. ಪಕ್ಕದ ಸೀಟಿನವರು ಹಾಗೇ ಯಾರೋ ಒಬ್ಬರ ಮೊಮ್ಮಗು ಇರಬಹುದು ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ಬಂದಾಗ ಅದರಲ್ಲಿ ನಟಿಸಿದವರೂ ಕಂಪನಿ ನಾಟಕದವರೇ. ಸಿನಿಮಾ ಬೆಳೆದಂತೆ ಕಂಪನಿಗಳಿಂದ ನಟರು ಹೋದರು, ಹಾಡುಗಾರರು ಹೋದರು, ಆಮೇಲೆ ಜನರೂ ಹೋದರು. ತಾತನ ಕಂಪನಿ ಒಂದು ಮಳೆಗಾಲದಲ್ಲಿ ಎದ್ದೇಳಲಾರದೆ ನಿಂತಿತು. ಬರಬೇಕಿದ್ದ ಬಾಕಿಗೆ ಬದಲಾಗಿ ತಾತನಿಗೆ ಸಿಕ್ಕಿದ್ದು ಆ ಲೆಗ್ ಹಾರ್ಮೋನಿಯಂ. ಎತ್ತಿನ ಗಾಡಿಯಲ್ಲಿ ಅದನ್ನು ಹೇರಿಕೊಂಡು ಊರಿಗೆ ಬಂದ. ಅಜ್ಜಿ ಅಂದು ಏನೂ ಮಾತಾಡಲಿಲ್ಲವಂತೆ. ನಡುಮನೆಯಲ್ಲಿದ್ದ ಕಾಳಿನ ಮೂಟೆಗಳನ್ನು ಸರಿಸಿ ಜಾಗ ಮಾಡಿಕೊಟ್ಟಳು.

ಆಮೇಲಿನ ತಾತನನ್ನು ನಾನು ಕಂಡಿದ್ದೇನೆ. ಸುತ್ತಲಿನ ಹಳ್ಳಿಗಳಿಗೆ ನಾಟಕದ ಮೇಷ್ಟ್ರು. ಮೈಸೂರು, ಮಂಡ್ಯ, ತುಮಕೂರಿನ ಕಡೆ ಹಳ್ಳಿಯವರು ಪೌರಾಣಿಕ ನಾಟಕ ಆಡುವುದು ನೋಡಿದವರಿಗೆ ಇದು ಗೊತ್ತಿರುತ್ತದೆ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ತಾಲೀಮಿಗೆ ಬರುತ್ತಾರೆ. ತಿಂಗಳುಗಟ್ಟಲೆ ಕಲಿಯುತ್ತಾರೆ. ಪಾರ್ಟಿಗೆ ದುಡ್ಡು ಇವರೇ ಕಟ್ಟುತ್ತಾರೆ. ಕೃಷ್ಣ, ದುರ್ಯೋಧನನ ಪಾರ್ಟಿಗೆ ಜಾಸ್ತಿ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತದೆ. ಒಂದೇ ಒಂದು ರಾತ್ರಿಯ ಆಟಕ್ಕೆ ಇಷ್ಟೆಲ್ಲ. ಓದು ಬಾರದ ಒಬ್ಬರು ಇಡೀ ಭೀಮನ ಪಾರ್ಟನ್ನು ಕೇಳಿ ಕೇಳಿಯೇ ಕಲಿತದ್ದು ನಾನು ನೋಡಿದ್ದೇನೆ. ತಾತ ಒಂದು ಸಾಲು ಹೇಳಿ ಪೆಟ್ಟಿಗೆ ಒತ್ತುವುದು, ಅವರು ಅದನ್ನೇ ಹೇಳುವುದು, ಮತ್ತೆ ತಾತ, ಮತ್ತೆ ಅವರು. ಬೆಳಗ್ಗೆ ಉಳುವಾಗ ಎತ್ತುಗಳ ಹಿಂದೆ ಅದೇ ಪದ್ಯ ಕೇಳುತ್ತಿತ್ತು. ನಾಟಕದ ದಿನ ತಾತ ರಂಗದ ಮುಂದೆ, ಜನರಿಗೆ ಬೆನ್ನು ಮಾಡಿ ಕೂರುತ್ತಿದ್ದ. ನಾನು ಅಮ್ಮನ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದೆ. ಯುದ್ಧದ ಹೊತ್ತಿಗೆ ಅಮ್ಮ ಎಬ್ಬಿಸುತ್ತಿದ್ದಳು. ಬೆಳಕು ಹರಿಯುತ್ತಿರುತ್ತಿತ್ತು, ನಟರ ಮುಖದ ಬಣ್ಣ ಬೆವರಿಗೆ ಕರಗಿರುತ್ತಿತ್ತು.

ತಾತ ತೀರಿಕೊಂಡ ಮೇಲೆ ಕೆಲವು ವರ್ಷ ಅಮ್ಮ ನಾಟಕಕ್ಕೆ ಹೋಗಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ನಾನೇ ಒತ್ತಾಯ ಮಾಡಿ ರವೀಂದ್ರ ಕಲಾಕ್ಷೇತ್ರಕ್ಕೆ ಕರೆದುಕೊಂಡು ಹೋದೆ. ಅಂದು ಇದ್ದದ್ದು ಬಿ.ವಿ. ಕಾರಂತರು ಮಾಡಿಸಿದ ಹಯವದನ. ಕಾರಂತರೂ ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿ ಬೆಳೆದವರು. ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದ್ದು. ಹೊಸ ನಾಟಕ ಕಟ್ಟುವಾಗಲೂ ಅವರು ಕಂಪನಿಯ ಹಾಡನ್ನು ಬಿಟ್ಟುಕೊಡಲಿಲ್ಲ. ಅಮ್ಮನಿಗೆ ಇದೆಲ್ಲ ನಾನು ಮೊದಲೇ ಹೇಳಿರಲಿಲ್ಲ. ಎಡಗಡೆ ಸೀಟಿನಲ್ಲಿ ಸುಮ್ನೆ ಕೂತಿದ್ದಳು. ಪರದೆ ಸರಿಯಿತು. ಭಾಗವತ ಬಂದ. ಅವನ ಜೊತೆ ಹಾಡುವವರು, ನುಡಿಸುವವರು, ಎಲ್ಲರೂ ರಂಗದ ಮೇಲೆಯೇ ಕೂತರು. ಜನರ ಕಡೆ ಮುಖ ಮಾಡಿ.

ಅಮ್ಮ ನನ್ನ ಕೈ ಹಿಡಿದುಕೊಂಡಳು. ಹಾರ್ಮೋನಿಯಂ ನುಡಿಸುವವನ ಮುಖ ಕಾಣುತ್ತಿತ್ತು. ಹಾಡು ಚೆನ್ನಾಗಿ ಬಂದಾಗ ಅವನ ಹುಬ್ಬು ಮೇಲೇರುತ್ತಿತ್ತು. ನಟರು ನಗಿಸಿದಾಗ ಅವನೂ ನಗುತ್ತಿದ್ದ. ಅಪ್ಪನೂ ಹೀಗೇ ನಗುತ್ತಿದ್ದನೋ ಏನೋ, ನನಗೆ ಗೊತ್ತೇ ಇಲ್ಲ ನೋಡು ಅಂತ ಮಧ್ಯಂತರದಲ್ಲಿ ಹೇಳಿದಳು. ಕಣ್ಣು ಒದ್ದೆಯಾಗಿತ್ತು.

ಅಂದು ರಾತ್ರಿ ಬಸ್ಸಿನಲ್ಲಿ ಬರುವಾಗ ಅಮ್ಮ ನನಗೆ ಒಂದು ಸಂಗತಿ ಹೇಳಿದಳು. ಅಜ್ಜಿ ಅವಳಿಗೆ ಹೇಳಿದ್ದು. ಅಮ್ಮ ಇನ್ನೂ ಎದೆಹಾಲು ಕುಡಿಯುವ ಮಗು. ಕ್ಯಾಂಪಿಗೆ ಹೋಗಿದ್ದಾಗ ಒಂದು ರಾತ್ರಿ ನಾಟಕದ ನಡುವೆ ಮಗು ಅಳಲು ಶುರು ಮಾಡಿತು. ಅಜ್ಜಿ ಎತ್ತಿಕೊಂಡು ಹೊರಗೆ ಹೋದಳು, ಸ್ವಲ್ಪ ಹೊತ್ತಿನ ಮೇಲೆ ಸದ್ದಿಲ್ಲದೆ ವಾಪಸ್ ಬಂದು ಕೂತಳು. ನಾಟಕ ಮುಗಿದು ಬಿಡಾರಕ್ಕೆ ಬಂದ ತಾತ ಕೇಳಿದ್ದು ಇದು: "ವಿದುರನ ಪದ್ಯದ ಹೊತ್ತಿಗೆ ಎದ್ದು ಹೋದೆಯಲ್ಲ, ಮಗುಗೆ ಹೊಟ್ಟೆನೋವಾ?"

ಅಜ್ಜಿಗೆ ಆಶ್ಚರ್ಯ. "ನೀವು ತಿರುಗೇ ನೋಡಲಿಲ್ಲವಲ್ಲ, ನಿಮಗೆ ಹೆಂಗೆ ಗೊತ್ತಾಯ್ತು?"

ತಾತನಿಗೆ ಇಡೀ ಥಿಯೇಟರು ಬೆನ್ನಿಗೆ ಗೊತ್ತಿತ್ತು. ಯಾವ ಕಡೆ ಕೆಮ್ಮು ಜಾಸ್ತಿ, ಯಾವ ಬೆಂಚು ಕಿರುಗುಟ್ಟುತ್ತಿದೆ, ಜನ ಕಾಲು ಸರಿಸುತ್ತಿದ್ದಾರಾ, ಉಸಿರು ಹಿಡಿದು ಕೂತಿದ್ದಾರಾ. ಅದನ್ನು ಕೇಳಿಯೇ ಒಂದು ಹಾಡನ್ನು ಬೇಗ ಮುಗಿಸುತ್ತಿದ್ದ, ಇನ್ನೊಂದಕ್ಕೆ ಒಂದು ಚರಣ ಸೇರಿಸುತ್ತಿದ್ದ. ಒನ್ಸ್ ಮೋರ್ ಕೂಗು ಬೀಳುವ ಮೊದಲೇ ಅದು ಬೀಳುತ್ತದೆ ಅಂತ ಅವನಿಗೆ ಗೊತ್ತಾಗುತ್ತಿತ್ತಂತೆ. ನಟರಿಗೆ ಮುಂದಿನ ದೀಪದ ಬೆಳಕಿನಲ್ಲಿ ಜನ ಕಾಣುತ್ತಿರಲಿಲ್ಲ. ಅವರು ತಾತನ ಮುಖ ನೋಡಿ ಜನ ಹೇಗಿದ್ದಾರೆ ಅಂತ ತಿಳಿದುಕೊಳ್ಳುತ್ತಿದ್ದರು. ಇದನ್ನೆಲ್ಲ ಹೇಳಿದ ಮೇಲೂ ಅಜ್ಜಿ ತನ್ನ ಹಳೆಯ ಮಾತನ್ನೇನೂ ವಾಪಸ್ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕಾಗಿಯೂ ಇರಲಿಲ್ಲ. ಎಂಟು ಒಂಬತ್ತು ತಿಂಗಳು ಅಂದರೆ ಎಂಟು ಒಂಬತ್ತು ತಿಂಗಳೇ.

ಆ ಬಸ್ ಪ್ರಯಾಣದ ನಂತರ ನಾನು ನಾಟಕ ನೋಡುವ ರೀತಿಯೇ ಬದಲಾಯಿತು. ಹೆಗ್ಗೋಡಿನ ನೀನಾಸಮ್ ತಿರುಗಾಟದವರು 1985ರಿಂದ ಊರೂರಿಗೆ ನಾಟಕ ತೆಗೆದುಕೊಂಡು ಹೋಗುತ್ತಿದ್ದಾರೆ. ಅವರ ನಾಟಕ ಎಲ್ಲೇ ಇದ್ದರೂ ನಾನು ಸ್ವಲ್ಪ ಮುಂಚೆ ಹೋಗುತ್ತೇನೆ, ಮುಗಿದ ಮೇಲೂ ಸ್ವಲ್ಪ ಹೊತ್ತು ಇರುತ್ತೇನೆ. ಈಗ ತಾನೇ ರಾಣಿಯಾಗಿ ಅತ್ತವಳು ಪೆಟ್ಟಿಗೆ ಹೊತ್ತು ವ್ಯಾನಿಗೆ ಏರಿಸುವುದನ್ನು ನೋಡುತ್ತೇನೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಒಂದು ವರ್ಷ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಈಗಲೂ ಹಲವು ಕಂಪನಿಗಳು ಪಕ್ಕಪಕ್ಕದಲ್ಲೇ ಥಿಯೇಟರು ಹಾಕುತ್ತವೆ. ನಾವು ಹೋದ ನಾಟಕದಲ್ಲಿ ಹಾರ್ಮೋನಿಯಂ ಜಾಗದಲ್ಲಿ ಒಂದು ಕೀಬೋರ್ಡ್ ಇತ್ತು. ನುಡಿಸುತ್ತಿದ್ದವನು ಇನ್ನೂ ಮೀಸೆ ಚಿಗುರುವ ಹುಡುಗ. ಕೂತದ್ದು ಮಾತ್ರ ಅದೇ ಜಾಗ, ರಂಗದ ಮುಂದೆ, ಎಡಕ್ಕೆ, ನಮಗೆ ಬೆನ್ನು ಮಾಡಿ. ಅಮ್ಮನಿಗೆ ಅಷ್ಟು ಸಾಕಾಗಿತ್ತು.

ತಾತನ ಹಾರ್ಮೋನಿಯಂ ಈಗ ನಮ್ಮ ಹಾಲಿನಲ್ಲಿದೆ. ತಿದಿಯ ಚರ್ಮ ಹರಿದಿದೆ, ಎರಡು ಮೂರು ಸ್ವರ ಮಾತ್ರ ಹೊರಡುತ್ತವೆ. ಬಲಗಾಲಿನ ಪೆಡಲು ಎಡಗಾಲಿನದಕ್ಕಿಂತ ಜಾಸ್ತಿ ಸವೆದು ನುಣುಪಾಗಿದೆ. ಅದನ್ನು ರಿಪೇರಿ ಮಾಡಿಸಲು ಅಮ್ಮ ಒಪ್ಪಿಲ್ಲ, ಆ ಪೆಡಲು ಬದಲಾಯಿಸಿಬಿಡುತ್ತಾರೆ ಅಂತ.

ಹೋದ ತಿಂಗಳು ನನ್ನ ಮಗಳ ಕಾಲೇಜಿನ ನಾಟಕ ಇತ್ತು. ಅವಳಿಗೆ ನಟನೆ ಬೇಡವಂತೆ, ಲೈಟಿಂಗ್ ಕಲಿಯುತ್ತಿದ್ದಾಳೆ. ಸಭಾಂಗಣದ ಹಿಂದೆ, ಮೇಲ್ಗಡೆ, ಗಾಜಿನ ಸಣ್ಣ ಕೋಣೆಯಲ್ಲಿ ಅವಳ ಜಾಗ. ನಾವಿಬ್ಬರೂ ಎಂದಿನಂತೆ ಎಡಗಡೆ, ಎರಡನೇ ಸಾಲು. ಆದರೆ ಅಂದು ಅಮ್ಮ ಆ ಮೂಲೆಯನ್ನು ನೋಡಲೇ ಇಲ್ಲ. ಬೆಳಕು ಬದಲಾದಾಗಲೆಲ್ಲ ಕತ್ತು ತಿರುಗಿಸಿ ಹಿಂದೆ, ಮೇಲೆ ನೋಡುತ್ತಿದ್ದಳು. ಗಾಜಿನ ಹಿಂದೆ ಕತ್ತಲು. ಏನೂ ಕಾಣುತ್ತಿರಲಿಲ್ಲ.

ನಾಟಕ ಮುಗಿದು ವೈರು ಸುತ್ತಿಟ್ಟು ಮಗಳು ಕೆಳಗೆ ಇಳಿದು ಬರಲು ಅರ್ಧ ಗಂಟೆ ಆಯಿತು. ಬಂದವಳೇ ಅಮ್ಮನ ಪಕ್ಕ ಕೂತಳು. "ಅಜ್ಜಿ, ಎರಡನೇ ಸೀನಲ್ಲಿ ಸೆರಗು ಹೊದ್ದುಕೊಂಡ್ಯಲ್ಲ. ಚಳಿ ಆಯ್ತಾ?"

ಅಮ್ಮ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದಳು.

"ಹೂಂ ಕಂದ, ಸ್ವಲ್ಪ ಚಳಿ ಆಯ್ತು."